ಎಡಗಡೆಯ ನಾಳ

ಮೇಜಿನ ಮೇಲೆ ಮಲಗಿಸುವ ಮೊದಲು ಆಕೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಬೆನ್ನಾಗ ಸೂಜಿ ಚುಚ್ಚಿದ ಮ್ಯಾಲೆ ನನಗ ಮಾತಾಡಾಕ ಬರತೈತೇನ್ರಿ?"

"ಬರತೈತಿ. ಸೊಂಟದ ಕೆಳಗ ಅಷ್ಟ ಏನೂ ಗೊತ್ತಾಗಂಗಿಲ್ಲ. ನೀವು ನನ್ನ ಕೂಡ ಮಾತಾಡ್ಕೋತ ಇರ್ರಿ," ಎಂದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದಾಂಡೇಲಿಯ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ಕೊಡುವ ವೈದ್ಯೆಯಾಗಿದ್ದೆ. ಊರಿನ ನಾಲ್ಕಾರು ಜನ ಸೇರಿ ಕಟ್ಟಿ ನಡೆಸುತ್ತಿದ್ದ ಆಸ್ಪತ್ರೆ ಅದು. ಈಗ ಆ ಕಟ್ಟಡದಲ್ಲಿ ಬೇರೇನೋ ಇದೆ. ಆಗ ಅಲ್ಲಿದ್ದವರು ಒಬ್ಬರೇ ಸರ್ಜನ್. ಬೆಳಗಾವಿ ಕಡೆಯವರು, ಅರವತ್ತರ ಹತ್ತಿರ ಬಂದಿದ್ದರು. ಯಂತ್ರಕ್ಕೆ ಸಿಕ್ಕ ಬೆರಳು, ದಿಮ್ಮಿ ಉರುಳಿ ಮುರಿದ ಕಾಲು, ಜೋಯಿಡಾದ ಕಾಡಿನೊಳಗಿಂದ ಕಂಬಳಿಯಲ್ಲಿ ಹೊತ್ತು ತಂದ ಬಸುರಿ, ಅಪೆಂಡಿಕ್ಸು, ಹರ್ನಿಯಾ, ಎಲ್ಲವೂ ಅವರ ಕೈಗೇ ಬರುತ್ತಿತ್ತು. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಆಕೆ ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಊರಿನವಳು. ನಲವತ್ತರ ಆಸುಪಾಸು. ಗಂಡನೊಂದಿಗೆ ಭತ್ತ, ಹತ್ತಿ ಬೆಳೆಯುವ ಹೊಲದಲ್ಲಿ ದುಡಿಯುವವಳು. ಗರ್ಭಕೋಶದಲ್ಲಿ ಗಡ್ಡೆಗಳಾಗಿ, ತಿಂಗಳಿನ ಅರ್ಧದಷ್ಟು ದಿನಗಳನ್ನು ರಕ್ತಸ್ರಾವದಲ್ಲೇ ಕಳೆಯುತ್ತಿದ್ದಳು. ಉಗುರು, ನಾಲಿಗೆ ಎಲ್ಲ ಬಿಳಿಚಿಹೋಗಿದ್ದವು. ಮೊದಲು ರಕ್ತ ಕೊಟ್ಟು, ಸ್ವಲ್ಪ ಚೇತರಿಸಿಕೊಂಡ ಮೇಲೆ ಗರ್ಭಕೋಶ ತೆಗೆಯುವುದೆಂದು ಸರ್ ತೀರ್ಮಾನಿಸಿದರು. ತೀರ್ಮಾನ ಸರಿಯಾಗಿಯೇ ಇತ್ತು. ಅದರ ಬಗ್ಗೆ ಇಂದಿಗೂ ನನಗೆ ಅನುಮಾನವಿಲ್ಲ.

ಈ ಶಸ್ತ್ರಚಿಕಿತ್ಸೆಯಲ್ಲಿ ಎಷ್ಟು ಅನುಭವವಿದ್ದವರೂ ಎಚ್ಚರದಿಂದ ದಾಟುವ ಒಂದು ಜಾಗವಿದೆ. ಗರ್ಭಕೋಶಕ್ಕೆ ರಕ್ತ ತರುವ ದೊಡ್ಡ ಧಮನಿ ಎರಡೂ ಬದಿಯಿಂದ ಒಳಗೆ ಬರುತ್ತದೆ. ಅದರ ಅಡಿಯಲ್ಲಿಯೇ, ಬೆರಳಗಲದಷ್ಟು ದೂರದಲ್ಲಿ, ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳ ಹಾಯುತ್ತದೆ. ಪೆನ್ಸಿಲ್ಲಿಗಿಂತ ತೆಳ್ಳಗಿನ, ಬಿಳಿಚಾದ ನಾಳ. ಬರೀ ಕಣ್ಣಿಗೆ ಅದೂ ಒಂದು ರಕ್ತನಾಳವೆಂದೇ ಕಾಣಬಹುದು. ಚಿಮಟದಿಂದ ಮೆಲ್ಲಗೆ ತಾಗಿಸಿದರೆ ಮಾತ್ರ ಎರೆಹುಳದಂತೆ ಮಿಸುಕುತ್ತದೆ. ಸರ್ ಪ್ರತಿ ಸಲವೂ ಹಾಗೆ ತಾಗಿಸಿ, ಅದು ಮಿಸುಕಿದ್ದನ್ನು ಕಂಡ ಮೇಲೆಯೇ ಧಮನಿಗೆ ಕೈ ಹಾಕುತ್ತಿದ್ದರು.

ಆ ದಿನ ಬಲಗಡೆ ಹಾಗೆಯೇ ಆಯಿತು. ಎಡಗಡೆ ಒಂದು ಗಡ್ಡೆ ಪಕ್ಕಕ್ಕೆ ಬೆಳೆದು, ಒಳಗಿನ ಎಲ್ಲವನ್ನೂ ತನ್ನ ಜಾಗದಿಂದ ಸರಿಸಿಬಿಟ್ಟಿತ್ತು. ಸರ್ ಧಮನಿಯನ್ನು ಇಕ್ಕಳದಲ್ಲಿ ಹಿಡಿದು ಕತ್ತರಿಸಿದರು. ಇಕ್ಕಳ ಜಾರಿತು.

ರಕ್ತ ತುಂಬಿಕೊಳ್ಳುವ ವೇಗ ನೋಡಿದವರಿಗೇ ಗೊತ್ತು. ಹೀರುವ ನಳಿಕೆ ಸಾಲಲಿಲ್ಲ. ಬಟ್ಟೆಯ ಮೇಲೆ ಬಟ್ಟೆ ಇಟ್ಟರೂ ತೊಯ್ದು ಮೇಲೆ ಬರುತ್ತಿತ್ತು. ಮೊದಲೇ ರಕ್ತ ಕಡಿಮೆಯಿದ್ದ ಜೀವ. ನನ್ನ ಕೈಯಲ್ಲಿದ್ದ ಆಕೆಯ ನಾಡಿ ದಾರದಂತಾಯಿತು. ಎರಡೂ ಕೈಗೆ ಸಲೈನ್ ಬಿಟ್ಟು, ಉಳಿದಿದ್ದ ರಕ್ತದ ಬಾಟಲಿ ಹಚ್ಚಿದೆ.

"ಸರ್, ಪ್ರೆಶರ್ ಇಳಿಯಾಕ ಹತ್ತೈತಿ. ಬ್ಯಾಗ ಹಿಡೀರಿ," ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ, "ಬ್ಯಾಗ, ಸರ್, ಬ್ಯಾಗ."

ಬೇಗ ಎಂದು ಹಾಗೆ ಅವಸರಪಡಿಸುವುದು ನನ್ನ ಕೆಲಸ. ಆದರೆ ಬೆರಳಿನಿಂದ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ಒರೆಸಿ ನೋಡಿ ಹಿಡಿಯುವುದು ಅವರ ಪದ್ಧತಿ. ಅಂದು ಅವರು ಕಾಯಲಿಲ್ಲ. ಆ ಕೆಂಪು ಮಡುವಿನೊಳಗೆ ಇಕ್ಕಳ ಇಳಿಸಿ, ಸಿಕ್ಕಿದ್ದನ್ನು ದಪ್ಪಗೆ ಹಿಡಿದು, ಹೊಲಿಗೆ ಹಾಕಿ ಬಿಗಿದರು. ರಕ್ತ ನಿಂತಿತು. ಪ್ರೆಶರ್ ಮೇಲೇರಿತು. ಥಿಯೇಟರಿನಲ್ಲಿ ಎಲ್ಲರೂ ಒಮ್ಮೆಲೇ ಉಸಿರು ಬಿಟ್ಟೆವು. ಅವರು ಆ ಜಾಗವನ್ನು ಬಟ್ಟೆಯಿಂದ ಒತ್ತಿ ನೋಡಿ, "ಒಣಗೈತಿ. ಮುಚ್ಚೂಣು," ಎಂದರು. ನಾಳವನ್ನು ಹುಡುಕಿ, ತಾಗಿಸಿ ನೋಡಲಿಲ್ಲ. ಅದು ಯಾರಿಗೂ ನೆನಪಾಗಲಿಲ್ಲ.

ಮರುದಿನ ವಾರ್ಡಿಗೆ ಹೋದಾಗ ಆಕೆ ಎದ್ದು ಕೂತಿದ್ದಳು. "ನಿನ್ನೆ ಏನರ ಹೆಚ್ಚು ಕಡಿಮಿ ಆಗಿತ್ತೇನ್ರಿ?" ಎಂದು ಕೇಳಿದಳು.

"ಏನೂ ಇಲ್ಲ. ಎಲ್ಲ ಚಲೋ ಆಗೈತಿ," ಎಂದೆ.

ಎರಡನೆಯ ದಿನ ಎಡಗಡೆ ಪಕ್ಕೆಯಲ್ಲಿ ನೋವು ಎಂದಳು. ಸ್ವಲ್ಪ ಜ್ವರವಿತ್ತು, ಒಂದೆರಡು ಸಲ ವಾಂತಿಯಾಯಿತು. ನಾನು ಬೆನ್ನಿನ ಮೇಲೆ ಮೆಲ್ಲಗೆ ಗುದ್ದಿ ನೋಡಿದಾಗ ಬೆಚ್ಚಿದಳು. ಸರ್‌ಗೆ ಹೇಳಿದೆ. ಅವರು ಬಂದು ನೋಡಿದರು. ಮೂತ್ರದ ಚೀಲ ಎತ್ತಿ ತೋರಿಸಿ, "ಇಷ್ಟು ಚಂದ ಹೊಂಟೈತಲ್ಲ. ಗಾಯದ ನೋವು ಇರಬೇಕು," ಎಂದರು. ಚೀಲ ತುಂಬಿಯೇ ಇತ್ತು. ಒಂದು ನಾಳ ಮುಚ್ಚಿದರೂ ಇನ್ನೊಂದು ಕಡೆಯ ಮೂತ್ರಪಿಂಡ ಎರಡರ ಕೆಲಸವನ್ನೂ ಮಾಡುತ್ತದೆ. ಓದಿದ ಪಾಠವೇ. ನಮ್ಮಿಬ್ಬರಿಗೂ ಗೊತ್ತಿದ್ದದ್ದೇ. ಸ್ಕ್ಯಾನ್ ಮಾಡುವವರು ಧಾರವಾಡದಿಂದ ವಾರಕ್ಕೊಮ್ಮೆ ಬರುತ್ತಿದ್ದರು; ಅವರು ಬರುವಷ್ಟರಲ್ಲಿ ಔಷಧಿಗೆ ಜ್ವರ ಇಳಿದು, ನೋವೂ ತಗ್ಗಿತ್ತು. ಹೊಲಿಗೆ ಬಿಚ್ಚಿ ಊರಿಗೆ ಕಳಿಸಿದೆವು. ಹೋಗುವಾಗ ಆಕೆಯ ಗಂಡ ಎಲ್ಲರಿಗೂ ಕೈಮುಗಿದು ಹೋದ.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಟೆಂಪೋದಲ್ಲಿ ಆಕೆಯನ್ನು ತಂದರು. ಗಂಡ ಇದ್ದ, ಜೊತೆಗೆ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮೈದುನ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟಿಸುವಷ್ಟು ಚಳಿ. ಅದೃಷ್ಟಕ್ಕೆ ಅಂದು ಸ್ಕ್ಯಾನ್ ಮಾಡುವವರು ಬಂದಿದ್ದರು. ಪರದೆಯ ಮೇಲೆ ಎಡಗಡೆಯ ಮೂತ್ರಪಿಂಡ ನೀರು ತುಂಬಿದ ಚೀಲದಂತೆ ಊದಿತ್ತು. ಅದರಿಂದ ಇಳಿದ ನಾಳ ಕೂಡ ಉಬ್ಬಿಕೊಂಡು ಬಂದು, ಕೆಳಗೆ ಒಂದು ಜಾಗದಲ್ಲಿ ಥಟ್ಟನೆ ನಿಂತಿತ್ತು. ಸರ್ ಆ ಜಾಗವನ್ನೇ ನೋಡುತ್ತ ನಿಂತರು. ನನಗೆ ಮಾತ್ರ ಕೇಳುವಂತೆ, "ನಾ ಕಟ್ಟೇನಿ," ಎಂದರು.

ಆಕೆಯನ್ನು ಹುಬ್ಬಳ್ಳಿಗೆ ಸಾಗಿಸಲು ಗಾಡಿ ಸಿದ್ಧವಾಗುತ್ತಿರುವಾಗ ಆಸ್ಪತ್ರೆಯ ವ್ಯವಸ್ಥಾಪಕರು ಸರ್ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಆಸ್ಪತ್ರೆ ಮುಚ್ಚಬಾರದೆಂಬುದೇ ಅವರ ಚಿಂತೆ.

"ಒಳಗ ನಂಜಾಗೈತಿ ಅಂತ ಹೇಳೂಣು. ಅದೇನು ಸುಳ್ಳಲ್ಲಲ್ಲ. ಆಪರೇಶನ್ ಮಾತ ಎತ್ತೂದು ಬ್ಯಾಡ."

"ಯಾಕ ಆತು ಅಂತ ಕೇಳಿದ್ರ?" ಎಂದರು ಸರ್.

"ಯಾರು ಕೇಳ್ತಾರ್ರಿ ಸರ್? ಒಕ್ಕಲತನದ ಮಂದಿ."

ಸರ್ ಎದ್ದು ಬಾಗಿಲು ತೆಗೆದು, ಗಂಡನನ್ನೂ ಮೈದುನನನ್ನೂ ಒಳಗೆ ಕರೆದರು. ಕುಳ್ಳಿರಿಸಿ, ತಾವು ನಿಂತೇ ಹೇಳಿದರು: ಆಪರೇಶನ್ ಮಾಡುವಾಗ ರಕ್ತ ಜಾಸ್ತಿ ಹೋಯಿತು, ನಿಲ್ಲಿಸುವ ಅವಸರದಲ್ಲಿ ಮೂತ್ರದ ನಾಳವನ್ನು ಸೇರಿಸಿ ಹೊಲಿದೆ, ಅದರಿಂದ ಕಿಡ್ನಿಯಲ್ಲಿ ಕೀವಾಗಿದೆ, ತಪ್ಪು ನನ್ನದು. ಮೈದುನ ಎದ್ದು ಅವರ ಅಂಗಿಯ ಕಾಲರಿಗೆ ಕೈ ಹಾಕಿದ. "ಡಾಕ್ಟರ್ ಅದೀಯೋ ಕಟುಕ ಅದೀಯೋ? ಮಿಲ್ಲಿನ ಮಂದೀನೆಲ್ಲ ಕರಕೊಂಡ ಬರತೇನಿ ನೋಡು!" ಸರ್ ಅವನ ಕೈ ಸರಿಸಲಿಲ್ಲ. ಸರಿಸಿದವನು ಗಂಡ.

"ಆಕಿ ಬದಕತಾಳೇನ್ರಿ?" ಎಂದು ಆತ ಕೇಳಿದ.

"ಬದಕತಾಳ. ಕಿಡ್ನಿ ಉಳೀತೈತೋ ಇಲ್ಲೋ ಗೊತ್ತಿಲ್ಲ."

"ಹಂಗಾರ ಆಕಿಗೆ ಇದನ್ನ ಹೇಳಬ್ಯಾಡ್ರಿ. ಭಾಳ ಹೆದರತಾಳ. ಹೆದರಿಕಿಗೇ ಸತ್ತಹೋಗ್ತಾಳ."

ಸರ್ ನನ್ನ ಕಡೆ ನೋಡಿದರು. ನಾನು ಆಗಲಿ ಎಂದು ತಲೆ ಆಡಿಸಿದೆ. ಹೊರಗೆ ಸ್ಟ್ರೆಚರಿನ ಮೇಲೆ ಆಕೆ ಕಣ್ಣು ತೆರೆದೇ ಮಲಗಿದ್ದಳು.

ಸರ್ ಹುಬ್ಬಳ್ಳಿಗೆ ಅದೇ ಗಾಡಿಯಲ್ಲಿ ಹೋದರು. ಅಲ್ಲಿನ ವೈದ್ಯರಿಗೆ ನಡೆದದ್ದನ್ನು ತಾವೇ ವಿವರಿಸಿದರು. ಬೆನ್ನಿನಿಂದ ನಳಿಕೆ ಹಾಕಿ ಕೀವು ತೆಗೆದರು, ಕಾದು ನೋಡಿದರು, ಮತ್ತೆ ಪರೀಕ್ಷೆ ಮಾಡಿದರು. ಆ ಮೂತ್ರಪಿಂಡದಲ್ಲಿ ಉಳಿದದ್ದು ಏನೂ ಇರಲಿಲ್ಲ. ಕೊನೆಗೆ ಅದನ್ನು ತೆಗೆದುಹಾಕಿದರು. ಅಲ್ಲಿಯೂ ಮನೆಯವರು ಕೇಳಿಕೊಂಡದ್ದರಿಂದ, ಒಳಗೆ ಕೀವಿನ ಗಡ್ಡೆಯಾಗಿತ್ತು, ತೆಗೆದಿದ್ದಾರೆ ಎಂದಷ್ಟೇ ಆಕೆಗೆ ತಿಳಿಸಿದರು. ಖರ್ಚನ್ನು ಆಸ್ಪತ್ರೆ ನೋಡಿಕೊಂಡಿತು. ಮೈದುನ ಮಿಲ್ಲಿನ ಮಂದಿಯನ್ನು ಕರೆತರಲಿಲ್ಲ. ಅಣ್ಣ ಬೇಡವೆಂದಿರಬೇಕು.

ಹಿಂತಿರುಗಿದ ಮೇಲೆ ಸರ್ ಒಂದು ಅಪೆಂಡಿಕ್ಸ್ ಮಾಡಿದರು. ಅವರು ಕಣ್ಣು ಮುಚ್ಚಿಕೊಂಡು ಮಾಡಬಲ್ಲ ಕೆಲಸ. ಅಂದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಕಟ್ಟಿದ ಗಂಟನ್ನೇ ಮತ್ತೆ ಮತ್ತೆ ನೋಡಿದರು, ಹೊಟ್ಟೆ ಮುಚ್ಚಲು ಸೂಜಿ ಕೈಗೆ ತೆಗೆದುಕೊಂಡು ಕೆಳಗಿಟ್ಟು ಇನ್ನೊಮ್ಮೆ ಒಳಗೆ ಇಣುಕಿದರು. ಕೈತೊಳೆಯುವ ಜಾಗದಲ್ಲಿ ನನಗೆ, "ಇನ್ನ ಮ್ಯಾಲೆ ನಾ ಚಾಕು ಹಿಡಿಯಂಗಿಲ್ರಿ ಡಾಕ್ಟರ್ರ. ಹೊರರೋಗಿಗಳನ್ನ ನೋಡಿಕೊಂಡ ಇರತೇನಿ," ಎಂದರು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸಿನಲ್ಲೇ ಮೆಚ್ಚಿಕೊಂಡೆ. ತಪ್ಪು ಮಾಡಿದವರು ಹೀಗೆ ಶಿಕ್ಷೆ ವಿಧಿಸಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆಕೆಯ ಗಂಡ ಒಬ್ಬನೇ ಆಸ್ಪತ್ರೆಗೆ ಬಂದ. ರೋಗಿಗಳ ಸಾಲಿನ ಕೊನೆಯಲ್ಲಿ ಕೂತು, ಎಲ್ಲರೂ ಹೋದ ಮೇಲೆ ಸರ್ ಕೋಣೆಗೆ ಬಂದ. ನಾನೂ ಅಲ್ಲಿದ್ದೆ. ಆತ ಗಡ್ಡ ಬಿಟ್ಟಿದ್ದ, ಸೊರಗಿದ್ದ.

"ನನ್ನ ಹೇಣತಿ ಮನಿ ಬಿಟ್ಟ ಹೋಗ್ಯಾಳ್ರಿ," ಎಂದ.

ಆದದ್ದಿಷ್ಟು. ಹೆಂಡತಿ ತವರಿಗೆ, ಮುಂಡಗೋಡ ಕಡೆಯ ಪಾಳಾಕ್ಕೆ ಹೋಗಿದ್ದಾಗ ಮೈಯಲ್ಲಿ ಆರಾಮಿಲ್ಲವೆಂದು ಮುಂಡಗೋಡದಲ್ಲಿ ತೋರಿಸಿದ್ದಾಳೆ. ಬೆನ್ನಿನ ಗಾಯದ ಗುರುತು ನೋಡಿದ ವೈದ್ಯರು ಸ್ಕ್ಯಾನ್ ಮಾಡಿಸಿ, "ನಿಮಗ ಒಂದ ಕಿಡ್ನಿ ಐತಲ್ಲ, ಇನ್ನೊಂದು ಯಾವಾಗ ತೆಗೆಸಿದ್ರಿ?" ಎಂದು ಕೇಳಿದ್ದಾರೆ. ಊರಿಗೆ ಬಂದು ಗಂಡನನ್ನು ಕೇಳಿದಳು. ಆತ ಗಾಬರಿಯಾಗಿ, ಹಂಗೇನಿಲ್ಲ, ಗಡ್ಡೆ ತೆಗೆದಿದ್ದಾರೆ ಎಂದುಬಿಟ್ಟ. ಆ ಸುಳ್ಳು ಆಕೆಗೆ ತಕ್ಷಣ ಗೊತ್ತಾಯಿತು. ಹುಬ್ಬಳ್ಳಿಯಿಂದ ಆಕೆ ಮರಳಿದ ಚಳಿಗಾಲದಲ್ಲೇ ಆತ ಹೊಲದಲ್ಲಿ ಬೋರ್‌ವೆಲ್ ಕೊರೆಸಿದ್ದ. ಕಿಡ್ನಿ ಮಾರಿಕೊಳ್ಳುವವರ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ ಅದು. ಊರಿನಲ್ಲಿ ಯಾರೋ ಎರಡನ್ನೂ ಜೋಡಿಸಿದರು. ಅಂದಿನಿಂದ ಜನ ಆ ಬೋರಿಗೇ ಒಂದು ಹೆಸರಿಟ್ಟಿದ್ದರು. ಆ ಹೆಸರನ್ನು ಆತ ನಮಗೆ ಹೇಳಲಿಲ್ಲ.

"ಆಮ್ಯಾಲೆ ಖರೆ ಹೇಳೇನ್ರಿ, ಡಾಕ್ಟರ್ರ ಕೈಲೆ ತಪ್ಪಾಗಿತ್ತು ಅಂತ. ನಂಬವಲ್ಲಳು. ನನ್ನ ತಮ್ಮ ಹೇಳಿದ್ರ, ನೀವು ಅಣ್ಣ ತಮ್ಮ ಕೂಡಿ ಕತಿ ಕಟ್ಟೀರಿ ಅಂತಾಳ. ಖರೆ ಇದ್ರ ಅವತ್ತ ಯಾಕ ಮುಚ್ಚಿಟ್ಟಿ ಅಂತ ಕೇಳತಾಳ. ನಾ ಏನ ಹೇಳಲಿ?"

ವ್ಯವಸ್ಥಾಪಕರಿಗೆ ವಿಷಯ ತಿಳಿದು, ಈಗ ಬಾಯಿ ಬಿಟ್ಟರೆ ಕೋರ್ಟಿಗೆ ಹೋಗುತ್ತಾರೆ, ನೀವಿಬ್ಬರೂ ಮನೆ ಸೇರುತ್ತೀರಿ ಎಂದರು. ನನಗೂ ಹೆದರಿಕೆಯಿತ್ತು. ಎರಡು ದಿನ ಅದನ್ನೇ ಯೋಚಿಸಿದೆ. ಆ ಮನುಷ್ಯ ಕೇಳಿಕೊಂಡನೆಂದು ನಾವು ಸುಮ್ಮನಿದ್ದೆವು. ಆ ಸುಮ್ಮನಿರುವಿಕೆ ನಮಗೂ ಅನುಕೂಲವಾಗಿತ್ತು. ಈಗ ಅದರ ಭಾರ ಹೊತ್ತವನು ಅವನೊಬ್ಬನೇ. ಕೊನೆಗೆ ಸರ್ ಮುಂದೆ ಹೋಗಿ, "ನಾನು ಪಾಳಾಕ್ಕ ಹೋಗಿ ಆಕಿಗೆ ಹೇಳತೇನಿ, ಸರ್," ಎಂದೆ.

"ನಾನೂ ಅದನ್ನ ಹೇಳಬೇಕಂತ ಕುಂತಿದ್ನಿ. ಕೂಡೇ ಹೋಗೂಣು," ಎಂದರು.

ಬಸ್ಸು ಬದಲಿಸಿ ಪಾಳಾ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಆಕೆ ಅಂಗಳದಲ್ಲಿ ತಾಯಿಯೊಂದಿಗೆ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಎದ್ದಳು, ಆದರೆ ಕೂರಿ ಎನ್ನಲಿಲ್ಲ.

"ನಾ ನಿಮ್ಮ ಆಪರೇಶನ್ ಮಾಡಿದಾಂವ," ಎಂದರು ಸರ್.

"ಗೊತ್ತೈತಿ."

"ನಿಮ್ಮ ಕಿಡ್ನಿ ಯಾರೂ ಮಾರಿಲ್ಲ. ನಾ ಹಾಳು ಮಾಡೇನಿ."

ಆಮೇಲೆ ಎಲ್ಲವನ್ನೂ ಹೇಳಿದರು. ತಮ್ಮ ಎರಡು ಬೆರಳನ್ನು ಒಂದರ ಮೇಲೊಂದು ಇಟ್ಟು, ಧಮನಿ ಎಲ್ಲಿ, ನಾಳ ಎಲ್ಲಿ, ಇಕ್ಕಳ ಹೇಗೆ ಜಾರಿತು, ಆಮೇಲೆ ಏನನ್ನು ನೋಡಬೇಕಿತ್ತು, ಏನನ್ನು ನೋಡಲಿಲ್ಲ ಎಂದು ತೋರಿಸಿದರು. ತಾಯಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು.

"ಇದು ನಿಮಗ ಯಾವಾಗ ಗೊತ್ತಾತು?" ಎಂದು ಆಕೆ ಕೇಳಿದಳು.

"ನೀವು ಚಳಿ ಜ್ವರ ಬಂದು ತಿರುಗಿ ಬಂದ್ರಲ್ಲ, ಅವತ್ತ."

"ಅವತ್ತ ನಾನೂ ಅಲ್ಲೇ ಇದ್ನೆಲ್ರಿ. ಶುದ್ಧಿ ಮ್ಯಾಲ ಇದ್ನಿ. ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಹೆದರತಾಳ ಅಂತ ನಿಮ್ಮ ಯಜಮಾನ್ರು..."

"ಅವರು ಅಂದ್ರು, ನೀವು ಹೂಂ ಅಂದ್ರಿ. ಹೊಟ್ಟಿ ಯಾರದು?"

ಆಕೆ ನನ್ನ ಕಡೆ ತಿರುಗಿದಳು.

"ನೀವು ಬ್ಯಾಗ ಬ್ಯಾಗ ಅಂತಿದ್ರಿ. ನನಗ ಮಂಪರ ಇತ್ತು, ಆದ್ರ ಕೇಳತಿತ್ತು. ಏನೋ ಆಗೈತಿ ಅಂತ ಅನಿಸಿತ್ತು. ಅದಕ್ಕ ಮರುದಿನ ನಿಮ್ಮನ್ನ ಕೇಳಿದ್ನಿ. ಎಲ್ಲ ಚಲೋ ಆಗೈತಿ ಅಂದ್ರಿ."

"ಹೌದು, ಅಂದೆ," ಎಂದೆ. ರೋಗಿಗೆ ಧೈರ್ಯ ಹೇಳುವುದೆಂದು ನಾವು ಕಲಿತದ್ದು ಅದನ್ನೇ. ಅಂದು ಆಕೆಗೆ ನಡೆದದ್ದನ್ನು ಹೇಳಿದ್ದರೆ, ಪಕ್ಕೆ ನೋವು ಬಂದಾಗ ಆಕೆಯೇ ಪಟ್ಟು ಹಿಡಿದು ಕೇಳುತ್ತಿದ್ದಳೋ ಏನೋ. ಇಂದಿಗೂ ನನ್ನನ್ನು ಕೊರೆಯುವುದು ಅದು.

ಸರ್ ಕೈಜೋಡಿಸಿ ಏನೋ ಹೇಳಲು ಹೋದರು. ಆಕೆ ತಡೆದಳು. "ಕ್ಷಮಾ ಮಾಡು ಅಂತ ಕೇಳಬ್ಯಾಡ್ರಿ. ನನ್ನ ಕೈಲೆ ಆಗಂಗಿಲ್ಲ. ಇಲ್ಲೆ ನಮ್ಮವ್ವನ ಮುಂದ ಹೇಳಿದ್ರ ಏನಾತು? ಸಾಂಬ್ರಾಣ್ಯಾಗ ಹೇಳ್ರಿ. ನನ್ನ ಗಂಡಗ ಹೇಣತಿ ಕಿಡ್ನಿ ಮಾರಿದಾಂವ ಅಂತಾರ ಅಲ್ಲೆ. ಮಂದಿ ಅಷ್ಟ ಅಲ್ಲ, ನಾನೂ ಅಂದೇನಿ. ನಾಕ ಮಂದಿ ಮುಂದ ಅಂದೇನಿ."

"ಬರತೇನಿ. ಯಾವತ್ತ ಹೇಳ್ರಿ."

"ನಾಳೆ. ಮುಂಜಾನೆ ಎಲ್ಲಾರೂ ಡೇರಿಗೆ ಹಾಲು ಹಾಕಾಕ ಬರತಾರ. ಆವಾಗ."

ಮರುದಿನ ಮುಂಜಾನೆ ನಾವು ಸಾಂಬ್ರಾಣಿಗೆ ಹೋದಾಗ ಡೇರಿಯ ಮುಂದೆ ಜನ ಕ್ಯಾನು, ತಂಬಿಗೆ ಹಿಡಿದು ನಿಂತಿದ್ದರು. ಆಕೆ ಹಿಂದಿನ ಸಂಜೆಯೇ ತಾಯಿಯೊಂದಿಗೆ ಬಂದು, ಊರಿನ ಪರಿಚಯದವರ ಮನೆಯಲ್ಲಿ ಉಳಿದಿದ್ದಳಂತೆ. ಗಂಡನಿಗೂ ಯಾರೋ ತಿಳಿಸಿದ್ದರು. ಆತ ರಸ್ತೆಯ ಆಚೆ, ಸೈಕಲ್ಲಿಗೆ ಒರಗಿ ನಿಂತಿದ್ದ.

ಸರ್ ಡೇರಿಯ ಮೆಟ್ಟಿಲ ಮೇಲೆ ನಿಂತು ಮಾತಾಡಿದರು. ದನಿ ಮೊದಲು ಏಳಲೇ ಇಲ್ಲ. ಯಾರೋ ಹಿಂದಿನಿಂದ, "ಜೋರಾಗಿ ಹೇಳ್ರಿ, ಕೇಳವಲ್ದು," ಎಂದು ಕೂಗಿದರು. ಮತ್ತೆ ಮೊದಲಿನಿಂದ ಹೇಳಿದರು. ತಮ್ಮ ಹೆಸರು ಹೇಳಿ, ಈ ಹೆಣ್ಣುಮಗಳ ಕಿಡ್ನಿ ನನ್ನ ಕೈಯಿಂದ ಹಾಳಾಗಿದೆ, ಆಕೆಯ ಗಂಡ ಏನೂ ಮಾಡಿಲ್ಲ, ಆಕೆ ಹೆದರಬಾರದೆಂದು ಸುಮ್ಮನಿದ್ದ, ಸುಮ್ಮನಿರಲು ಒಪ್ಪಿದ್ದು ನಮ್ಮ ಇನ್ನೊಂದು ತಪ್ಪು ಎಂದರು. ನಾನೂ ಪಕ್ಕದಲ್ಲಿ ನಿಂತು, ನಾನು ಅಲ್ಲಿದ್ದೆ, ಇದು ನಿಜ ಎಂದೆ. ಒಬ್ಬ ಬೈದ. ಒಬ್ಬರು ಪೊಲೀಸರಿಗೆ ಕೊಡಬೇಕು ಎಂದರು. "ದೊಡ್ಡ ಮನಸ್ಯಾ, ಬಂದು ಹೇಳಿದಾ," ಎಂದು ಒಬ್ಬ ಮುದುಕ ಅಂದದ್ದಕ್ಕೆ ಆಕೆ ಸರಕ್ಕನೆ ತಿರುಗಿ, "ಇಷ್ಟ ದಿನ ಆದ ಮ್ಯಾಲೆ ಬಂದಾರ. ದೊಡ್ಡ ಮನಸ್ಯಾ ಅನಬ್ಯಾಡ ಯಜ್ಜಾ," ಎಂದಳು.

ಅವಳು ರಸ್ತೆ ದಾಟಿ ಗಂಡನ ಹತ್ತಿರ ಹೋದಳು.

"ಅವತ್ತ ನನಗ ಹೇಳಿದ್ರ ಏನಾಗತಿತ್ತು?"

"ನೀ ಹೆದರಬಾರದಂತ..."

"ಹೆದರಿಸಿಬಿಟ್ಟೆಲ್ಲ. ನಿನ್ನ ಮಗ್ಗಲಾಗ ಮಲಗಾಕ ಹೆದರತಿದ್ನಿ ನಾ."

ಆತ ಅತ್ತ. ಆಕೆ ಅಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಮನೆಯ ಕಡೆ ಹೊರಟರು. ಆಕೆ ಮುಂದೆ, ಸೈಕಲ್ ತಳ್ಳುತ್ತ ಆತ ಹಿಂದೆ. ಅವರು ಕೋರ್ಟಿಗೆ ಹೋಗಲಿಲ್ಲ. ಊರಿನಲ್ಲಿ ಬೋರಿನ ಹೆಸರು ಹೇಳುವುದು ನಿಂತಿತೆಂದು ಮುಂದೆಂದೋ ಗೊತ್ತಾಯಿತು. ಅವರ ನಡುವೆ ಮೊದಲಿನಂತಾಯಿತೋ ಇಲ್ಲವೋ ನನಗೆ ತಿಳಿಯದು.

ಇದಿಷ್ಟು ಆದ ಮೇಲಾದರೂ ಸರ್ ಮತ್ತೆ ಚಾಕು ಹಿಡಿಯಬಹುದೆಂದುಕೊಂಡಿದ್ದೆ. ಹಿಡಿಯಲಿಲ್ಲ. ಆಸ್ಪತ್ರೆಯವರು ಬೇರೆ ಸರ್ಜನರನ್ನು ಹುಡುಕಿದರು. ಬಂದವರು ಕೆಲವು ತಿಂಗಳಿಗೆ ಮಕ್ಕಳ ಶಾಲೆಯ ಕಾರಣ ಹೇಳಿ ಹುಬ್ಬಳ್ಳಿಗೋ ಬೆಳಗಾವಿಗೋ ಹೋದರು. ಥಿಯೇಟರಿಗೆ ಬೀಗ ಬಿದ್ದ ದಿನಗಳೇ ಹೆಚ್ಚು. ಅಲ್ಲಿಯವರೆಗೆ ನಮ್ಮಲ್ಲೇ ಆಗುತ್ತಿದ್ದ ಕೇಸುಗಳನ್ನು ಗಾಡಿ ಹತ್ತಿಸಿ ಧಾರವಾಡಕ್ಕೆ ಕಳಿಸುತ್ತಿದ್ದೆವು. ಜೋಯಿಡಾ ಕಡೆಯ ಒಬ್ಬ ಬಸುರಿಯ ಜೊತೆ ನಾನೇ ಹೋಗಿದ್ದೆ. ಹಳಿಯಾಳ ದಾಟಿದ ಮೇಲೆ ಆಕೆಯ ನಾಡಿ ನನ್ನ ಬೆರಳಿಗೆ ಸಿಗಲಿಲ್ಲ. ಆಕೆಯ ತಾಯಿ ಕೊಂಕಣಿಯಲ್ಲಿ ನನ್ನನ್ನು ಏನೋ ಕೇಳುತ್ತಲೇ ಇದ್ದಳು. ವಾಪಸ್ಸು ಬಂದು ಸರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರನ್ನು ಒತ್ತಾಯಿಸುವ ಹಕ್ಕು ನನಗಿಲ್ಲ ಎಂದು ನಾನು ಅಷ್ಟಕ್ಕೇ ಬಿಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಸಾಂಬ್ರಾಣಿಯ ಆಕೆ ಮತ್ತೆ ಬಂದಳು. ಕೂದಲು ಅರ್ಧ ನರೆತಿತ್ತು. ಚೊಚ್ಚಲ ಹೆರಿಗೆಗೆ ಬಂದ ಮಗಳನ್ನು ಕರೆತಂದಿದ್ದಳು. ಬೆಳಗಿನಿಂದ ನೋವು ತಿನ್ನುತ್ತಿದ್ದ ಹುಡುಗಿ. ನಾನು ಹೊಟ್ಟೆಯ ಮೇಲೆ ಕಿವಿಗೊಟ್ಟಾಗ ಮಗುವಿನ ಎದೆಬಡಿತ ನೋವು ಬಂದಾಗಲೆಲ್ಲ ಕುಸಿದು, ಎಳೆದೆಳೆದು ಮೇಲೇರುತ್ತಿತ್ತು. ಹೊಟ್ಟೆ ಕೊಯ್ದು ತೆಗೆಯಬೇಕಿತ್ತು. ಸರ್ಜನ್ ಇರಲಿಲ್ಲ.

ಈ ಸಲ ನಾನು ಕಾಣುತ್ತಿದ್ದುದನ್ನೆಲ್ಲ ಆಕೆಗೂ ಮಗಳಿಗೂ ಹೇಳಿದೆ. ಧಾರವಾಡಕ್ಕೆ ಹೋಗಬೇಕು, ದಾರಿಯಲ್ಲಿ ಅಪಾಯವಿದೆ, ನಾನು ಜೊತೆಗೆ ಬರುತ್ತೇನೆ ಎಂದೆ. ಆಕೆ ಗಮನವಿಟ್ಟು ಕೇಳಿ, "ಆ ಡಾಕ್ಟರ್ ಎಲ್ಲೆ ಅದಾರ?" ಎಂದಳು.

ಅವರು ಪಕ್ಕದ ಕೋಣೆಯಲ್ಲೇ ಇದ್ದರು, ಯಾರದೋ ಕೆಮ್ಮು ನೋಡುತ್ತಿದ್ದರು. ಮಾತು ಕೇಳಿ ಹೊರಗೆ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದರು.

"ನೀವ ಇದ್ದೀರಲ್ರಿ. ಮತ್ತ ಧಾರವಾಡಕ್ಕ ಯಾಕ?"

"ನಾ ಈಗ ಕೊಯ್ಯಂಗಿಲ್ರಿ. ಬಿಟ್ಟು ಭಾಳ ವರ್ಷ ಆತು."

"ಯಾಕ ಬಿಟ್ರಿ?"

"ನಿಮಗ ಹಂಗಾದ ಮ್ಯಾಲೆ ಬಿಟ್ಟೆ."

ಆಕೆ ಅವರನ್ನು ಅರ್ಥವಾಗದವಳಂತೆ ನೋಡಿದಳು. "ನಾ ನಿಮಗ ಹೇಳ್ರಿ ಅಂದಿದ್ನಿ. ಬಿಡ್ರಿ ಅಂದಿದ್ನೇನ್ರಿ?"

ಒಳಗಿನಿಂದ ಮಗಳು ಕಿರುಚಿದಳು. ಸರ್ ತಮ್ಮ ಕೈಗಳನ್ನು ಮುಂದೆ ಚಾಚಿ ತೋರಿಸಿದರು. ವಯಸ್ಸಿಗೆ ಬೆರಳ ತುದಿಗಳು ಅದಾಗಲೇ ಸಣ್ಣಗೆ ನಡುಗುತ್ತಿದ್ದವು. "ಈಗ ಹಿಡಿದ್ರ ಮತ್ತೊಂದು ತಪ್ಪಾಗತೈತ್ರಿ. ಹೋಗ್ರಿ, ಹೊತ್ತ ಕಳೀಬ್ಯಾಡ್ರಿ," ಎಂದು ಧಾರವಾಡಕ್ಕೆ ಫೋನ್ ಮಾಡಲು ಓಡಿದರು.

ಗಾಡಿಯಲ್ಲಿ ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಆಮ್ಲಜನಕ ಕೊಡುತ್ತ, ಮಗುವಿನ ಬಡಿತ ಎಣಿಸುತ್ತ ಹೋದೆ. ಆಕೆ ಪ್ರತಿ ಸಲ "ಹೆಂಗೈತಿ?" ಎಂದು ಕೇಳಿದಳು. ಪ್ರತಿ ಸಲವೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ; ಕಡಿಮೆಯಾದಾಗ ಕಡಿಮೆಯಾಗಿದೆ ಎಂದೆ. ಆಕೆ ಮಗಳ ಕಾಲು ಹಿಡಿದು ಕೂತಿದ್ದಳು. ಹೆದರಿದ್ದಳು, ಆದರೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಧಾರವಾಡದಲ್ಲಿ ಎಲ್ಲ ಸಿದ್ಧವಾಗಿಟ್ಟುಕೊಂಡಿದ್ದರು. ಮಗು ಹುಟ್ಟಿದಾಗ ನೀಲಿಯಾಗಿತ್ತು, ಅಳಲಿಲ್ಲ. ಉಸಿರು ಕೊಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಉಳಿಯುತ್ತದೆ ಎಂದು ಅಲ್ಲಿನವರು ಹೇಳುವವರೆಗೆ ನಾನು ದಾಂಡೇಲಿಗೆ ಮರಳಲಿಲ್ಲ.

ಬಂದಾಗ ಸರ್ ಹೊರರೋಗಿಗಳ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ರೋಗಿಗಳೆಲ್ಲ ಹೋಗಿ ಆಗಿತ್ತು.

"ಉಳೀತು, ಸರ್. ಹೆಣ್ಣು. ತಾಯಿನೂ ಆರಾಮ ಅದಾಳ."

ಅವರು ತಲೆ ಆಡಿಸಿದರು. ನಾನು ಹೊರಡಲು ಎದ್ದೆ.

"ಡಾಕ್ಟರ್ರ," ಎಂದರು. "ಚಾಕು ಬಿಡೂ ಮುಂದ ಆಕಿನ್ನ ಒಂದ ಮಾತ ಕೇಳಬೇಕು ಅಂತ ನನಗ ಹೊಳೀಲೇ ಇಲ್ಲ ನೋಡ್ರಿ."

"ನನಗೂ ಹೊಳೀಲಿಲ್ಲ, ಸರ್," ಎಂದೆ.